ಫೋನಿನ ವಿಷಯಕ್ಕೆ ಹೂ ಕೇಳಿದ್ದು

ಭಾನುವಾರ ಅರಳಿಕಟ್ಟೆಯಲ್ಲಿ ನ್ಯಾಯ. ಗುರುವಾರದ ಹೊತ್ತಿಗೇ ಜಯಪ್ರಕಾಶನ ತಲೆ ಕೆಟ್ಟು ಕೆರ ಹಿಡಿದು ಹೋಗಿತ್ತು. ಹಿಡಿಯದೆ ಇನ್ನೇನು? ಬದುವಿನ ಮೇಲಿನ ಹಲಸಿನ ಮರ ತನ್ನದು, ಅಪ್ಪ ಹಾಗಂದದ್ದು ವಿಡಿಯೊದಲ್ಲೇ ಇದೆ ಎಂದು ಊರವರ ಮುಂದೆ ಎದೆ ತಟ್ಟಿಕೊಂಡು ಬಂದಿದ್ದ. ಆ ವಿಡಿಯೊ ಇದ್ದದ್ದು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದಿದ್ದ ಹಳೇ ಫೋನಿನಲ್ಲಿ. ಚಾರ್ಜಿಗೆ ಹಾಕಿ ಆನ್ ಮಾಡಿದರೆ ಕಂಪನಿಯ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಅದರಾಚೆಗೆ ಏನೂ ಇಲ್ಲ. ಬೇರೆಲ್ಲಾದರೂ ಕಾಪಿ ಇಟ್ಟಿದ್ದನೇ? ಅದೂ ಇಲ್ಲ. ಹೊಸ ಫೋನ್ ಕೊಂಡ ಖುಷಿಯಲ್ಲಿ ಈ ಮಹಾನುಭಾವ ಆ ವಿಡಿಯೊವನ್ನು ಒಂದು ಸಲ ನೋಡಿಯೂ ಇರಲಿಲ್ಲ.

ಅಪ್ಪ ಹೊನ್ನಯ್ಯ ಜಮೀನು ಭಾಗ ಮಾಡಿದ ದಿನದ್ದು ಅದು. ಮುದುಕ ಊರುಗೋಲು ಹಿಡಿದು ಬದುವಿನುದ್ದಕ್ಕೂ ನಡೆಯುತ್ತ, ಇದು ದೊಡ್ಡವನಿಗೆ, ಇದು ಚಿಕ್ಕವನಿಗೆ ಎಂದು ತೋರಿಸುತ್ತಿದ್ದ. ಅಣ್ಣ ಮಹದೇವು ಹಗ್ಗ ಎಳೆಯುತ್ತಿದ್ದ. ಜಯಪ್ರಕಾಶ ಫೋನನ್ನು ಯಾರ ಕೈಗೋ ಕೊಟ್ಟು ಆಚೆ ತುದಿಯಲ್ಲಿ ಗೂಟ ಹೊಡೆಯುತ್ತಿದ್ದ. ಆರು ತಿಂಗಳಿಗೆ ಹೊನ್ನಯ್ಯ ತೀರಿಕೊಂಡ. ಮರ ತನಗೇ ಕೊಟ್ಟದ್ದು ಎಂದು ಅಣ್ಣನೂ ಆಣೆ ಇಟ್ಟ, ತಮ್ಮನೂ ಆಣೆ ಇಟ್ಟ. ಇಬ್ಬರೂ ಮಾತು ಬಿಟ್ಟು ವರ್ಷವಾಯಿತು.

ಮದ್ದೂರು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಶಾಕಿರ್, ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಅಣ್ಣಾ, ಇದ್ರ ಸಾಫ್ಟ್‌ವೇರ್ ಕೆಟ್ಟೋಗದೆ. ರೂಟ್ ಮಾಡಿ, ಅಂದ್ರೆ ಕಂಪನಿ ಲಾಕ್ ತಗ್ದು, ಬೇರೆದು ಹಾಕುದ್ರೆ ಫೋನ್ ಏಳ್ತದೆ. ಆದ್ರೆ ಲಾಕ್ ತಗೀವಾಗ ಒಳಗಿರೋದೆಲ್ಲ ಅಳ್ಸೋಗ್ಬೋದು.”

“ಓಯ್ತದೋ ಉಳೀತದೋ, ಒಂದ್ ಮಾತು ಯೋಳ್ಲಾ.”

“ಕೆಲವ್ರುದು ಉಳ್ಕಂಡದೆ, ಕೆಲವ್ರುದು ಓಗದೆ. ಸುಮ್ನೆ ಇಟ್ರೆ ವಿಡಿಯೊ ಒಳಗೇ ಇರ್ತದೆ. ನೋಡಕ್ಕಾಗಲ್ಲ, ಅಷ್ಟೇ.”

“ನೋಡಕ್ಕಾಗ್ದೆ ಇರೋದು ಇದ್ರೇನ್ಲಾ, ಓದ್ರೇನ್ಲಾ?”

“ಅದ್ನ ನೀವೇ ಯೋಳ್ಬೇಕು. ಮಾಡ್ಲಾ, ಬ್ಯಾಡ್ವಾ?”

ಮಾಡು ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಅಪ್ಪನ ಮಾತೇ ಅಳಿಸಿಹೋದರೆ? ಹಾಗೇ ಬಿಟ್ಟರೆ ಭಾನುವಾರ ಯಾವ ಮುಖ ಹೊತ್ತು ಕಟ್ಟೆ ಹತ್ತುವುದು? ಯಾರಿಗೂ ಹೇಳದ ಇನ್ನೊಂದು ಹೆದರಿಕೆಯೂ ಇತ್ತು. ಫೋನ್ ಎದ್ದು, ಅಪ್ಪ ಅದರಲ್ಲಿ ಅಣ್ಣನ ಹೆಸರನ್ನೇ ಅಂದುಬಿಟ್ಟಿದ್ದರೆ? ಯೋಚಿಸಿದಷ್ಟೂ ಅವನಿಗೆ ಅಪ್ಪ ಏನಂದ ಎನ್ನುವುದೇ ಮಸುಕಾಗುತ್ತಿತ್ತು. “ನಾಳೆ ಯೋಳ್ತೀನಿ,” ಎಂದು ಫೋನನ್ನು ಅಲ್ಲೇ ಬಿಟ್ಟು ಎದ್ದುಬಂದ.

ಮಾರನೆಯ ದಿನ ಹೆಂಡತಿ ನಯನಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಟ್ಟಲದಮ್ಮನ ಗುಡಿಗೆ ಹೋದ. ಹೆಣ್ಣು ನೋಡುವುದಕ್ಕೂ, ಬೋರ್ ಕೊರೆಸುವುದಕ್ಕೂ, ಹಸು ಕೊಳ್ಳುವುದಕ್ಕೂ ಇಲ್ಲಿ ಹೂ ಕೇಳುತ್ತಾರೆ. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಕೇಳಿದ್ದಕ್ಕೆ ಹೂಂ, ಎಡಗಡೆಯಿಂದ ಬಿದ್ದರೆ ಊಹೂಂ. ಸಾಫ್ಟ್‌ವೇರಿಗೆ ಹೂ ಕೇಳಿದ ಮೊದಲನೆಯ ಪುಣ್ಯಾತ್ಮ ಇವನೇ ಇರಬೇಕು.

“ಮನ್ಸಲ್ಲೇ ಕೇಳ್ಕಳಿ,” ಎಂದ ಪೂಜಾರಿ ಚಿಕ್ಕಬೋರಯ್ಯ.

ಗಂಡ ಹೆಂಡತಿ ಕಣ್ಣು ಮುಚ್ಚಿ ಕೈಮುಗಿದರು. ನಿಂತು ನಿಂತು ಕಾಲು ಜೋಮು ಹಿಡಿಯಿತು. ಕೊನೆಗೆ ಹಳದಿ ಸೇವಂತಿಗೆಯೊಂದು ಬಲಗಡೆಯಿಂದ ಪಟಕ್ಕನೆ ಉದುರಿತು. ಜಯಪ್ರಕಾಶನಿಗೆ ಹೋದ ಜೀವ ಬಂದಂತಾಯಿತು. ನಯನಳೂ ಹೂವನ್ನು ಕಣ್ಣಿಗೊತ್ತಿಕೊಂಡಳು.

“ನಡಿ, ಮದ್ದೂರ್ಗೆ ಓಗಿ ಮಾಡ್ಸೇ ಬುಡವ,” ಎಂದ, ಬೈಕು ವೈದ್ಯನಾಥಪುರದ ದಾರಿ ದಾಟುವಾಗ.

“ಏನ್ನ ಮಾಡ್ಸದು? ಅವ್ವ ಬ್ಯಾಡ ಅಂದ್ಲಲ್ಲ!”

“ಬಲಗಡೆ ಬಿತ್ತಲ್ಲಮ್ಮೀ! ಫೋನ್ ಮಾಡ್ಸದಾದ್ರೆ ಬಲಗಡೆ ಕೊಡವ್ವ ಅಂತ ಕೇಳಿದ್ದೆ ನಾನು.”

“ನಾನು ಕೇಳಿದ್ದು, ಅದ್ನ ಮುಟ್ಟದು ಬ್ಯಾಡ ಅನ್ನದಾದ್ರೆ ಬಲಗಡೆ ಕೊಡವ್ವ ಅಂತ.”

ಜಯಪ್ರಕಾಶ ಗಕ್ಕನೆ ಬ್ರೇಕ್ ಹಾಕಿದ. ಅಯ್ಯೋ ಶಿವನೇ! ಇರುವುದು ಒಂದು ಹೂ, ಕೇಳಿದವರು ಇಬ್ಬರು, ಅದೂ ಒಬ್ಬರಿಗೊಬ್ಬರು ಉಲ್ಟಾ. ಅಮ್ಮ ಯಾರ ಮಾತಿಗೆ ಹೂಂ ಅಂದಳು? ವಾಪಸು ಹೋಗಿ ಇನ್ನೊಂದು ಸಲ ಕೇಳೋಣವೆಂದರೆ, ಒಂದೇ ವಿಷಯಕ್ಕೆ ಎರಡು ಸಲ ಹೂ ಕೇಳುವ ಪದ್ಧತಿಯಿಲ್ಲ.

“ನಿಂಗ್ಯಾಕೆ ಬೇಕಿತ್ತೇ ಈ ಉಸಾಬರಿ?” ಎಂದು ಹರಿಹಾಯ್ದ. “ಯಾಕ್ ಬ್ಯಾಡ ಅಂತ ಕೇಳ್ಕಂಡೆ?”

ನಯನ ಬೈಕಿನಿಂದ ಇಳಿದು ಸೆರಗು ಸರಿಮಾಡಿಕೊಂಡಳು. “ಫೋನ್ ಎದ್ರೆ ನೀವು ಊರ್ ಮುಂದೆ ತಲೆ ತಗ್ಗುಸ್ಬೇಕಾಯ್ತದೆ. ಅದ್ಕೆ.”

“ನಿಂಗೆಂಗ್ ಗೊತ್ತು?”

“ಆ ವಿಡಿಯೊ ಹಿಡ್ದಿದ್ದು ಯಾರು? ನಾನಲ್ವಾ? ಗೂಟ ವಡಿಯಕ್ಕೆ ಓಗೋವಾಗ ಫೋನ್ನ ನನ್ ಕೈಗೆ ಕೊಟ್ಟು ಓದ್ರಿ. ಮಾವ ನನ್ ಮುಂದೇನೇ ನಿಂತ್ಕಂಡು ಅಂದ್ರು, ಮರ ಮಾದೇವುಗೆ, ಹಣ್ಣು ಮಾತ್ರ ಇಬ್ರೂ ತಿನ್ಲಿ ಅಂತ.”

“ಇಷ್ಟ್ ದಿನ ಯಾಕ್ ಯೋಳ್ನಿಲ್ಲ?”

“ನೀವೆಲ್ಲಿ ಕೇಳುದ್ರಿ? ಮೊಬೈಲ್ ಅಂಗ್ಡಿಯವ್ನ ಕೇಳುದ್ರಿ, ದೇವ್ರ ಕೇಳುದ್ರಿ. ಒಂದಿನ ನಾನೇ ಬಾಯ್ ಬುಟ್ಟಿದ್ಕೆ, ಗಂಡಸ್ರ ಮಾತ್ಗೆ ನೀನ್ ಬರ್ಬ್ಯಾಡ ಅಂದ್ರಿ.”

ಅಂದದ್ದು ನಿಜ. ಮುದ್ದೆ ಮುರಿಯುತ್ತ, ತಲೆ ಕೂಡ ಎತ್ತದೆ ಅಂದದ್ದು ಅವನಿಗೆ ಚೆನ್ನಾಗಿಯೇ ನೆನಪಿತ್ತು. ಅಣ್ಣನ ಮೇಲಿದ್ದ ಸಿಟ್ಟು ತನ್ನ ಮೇಲೇ ತಿರುಗಿತು.

ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. ಶಾಕಿರ್.

“ಅಣ್ಣಾ, ಮಾಡ್ಲಾ, ಬ್ಯಾಡ್ವಾ?”

“ಬ್ಯಾಡ ಕಣಪ್ಪ. ಎಂಗದೋ ಅಂಗೇ ಇಟ್ಟಿರು, ಬಂದು ಈಸ್ಕತೀನಿ.”

ಬೈಕನ್ನು ಊರಿನ ಕಡೆಗೆ ತಿರುಗಿಸಿದ. ಭಾನುವಾರಕ್ಕೆ ಮೊದಲು ಅಣ್ಣನ ಮನೆ ಬಾಗಿಲಿಗೆ ಹೋಗಲೇಬೇಕು, ಅಷ್ಟು ಗೊತ್ತಾಗಿತ್ತು. ವರ್ಷದಿಂದ ಮುಖ ಕೊಟ್ಟು ಮಾತಾಡದ ಅಣ್ಣನಿಗೆ ಮೊದಲ ಮಾತು ಏನು ಆಡುವುದು ಎನ್ನುವುದೇ ತೋಚಲಿಲ್ಲ. ಕೀಲಿಯ ಮೇಲೆ ಕೈ ಇಟ್ಟವನು ಹೆಂಡತಿಯ ಕಡೆ ತಿರುಗಿದ.

“ಅಣ್ಣನ್ ಮುಂದೆ ಏನಂತ ಯೋಳ್ಲಿ? ನೀನೇ ಯೋಳಮ್ಮಿ.”

“ಮೊದ್ಲು ಗಾಡಿ ಸ್ಟಾರ್ಟ್ ಮಾಡಿ,” ಎನ್ನುತ್ತ ನಯನ ಹಿಂದೆ ಹತ್ತಿ ಕೂತಳು. “ದಾರೀಲಿ ಯೋಳ್ತೀನಿ.”