ಲೈನಲ್ಲಿರಿ, ಕರೀತೀನಿ

ಜಯನಗರ ಮೂರನೇ ಬ್ಲಾಕಿನ ಆ ಅಡ್ಡರಸ್ತೆಗೆಲ್ಲ ಇದ್ದದ್ದು ಒಂದೇ ಒಂದು ಟೆಲಿಫೋನು. ಡಾಕ್ಟರ್ ಅನಂತರಾಮು ಅವರ ಮನೆಯ ಹಜಾರದಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಅದು ರಾಜನ ಹಾಗೆ ಕೂತಿತ್ತು. ಡಾಕ್ಟರು ಅನ್ನೋ ಕಾರಣಕ್ಕೆ ಅವರಿಗೆ ಬೇಗ ಸಿಕ್ಕಿತ್ತು. ಉಳಿದವರೆಲ್ಲ ಅರ್ಜಿ ಹಾಕಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಅರವತ್ತೊಂದರಲ್ಲಿ ಡಾಕ್ಟರು ಎದೆನೋವು ಬಂದು ಹೋಗಿಬಿಟ್ಟರು. ಊರವರಿಗೆಲ್ಲ ಔಷಧಿ ಕೊಟ್ಟ ಮಹಾನುಭಾವರು ತಮ್ಮ ಎದೆನೋವನ್ನು ಮಾತ್ರ ಅಜೀರ್ಣ ಅಂದುಕೊಂಡು ಓಮಿನ ಕಷಾಯ ಕುಡಿದು ಮಲಗಿದ್ದರು. ಮನೆಯಲ್ಲಿ ಉಳಿದದ್ದು ಫೋನು, ಮತ್ತೆ ಅವರ ತಂಗಿ ಚೂಡಾಮಣಿ.

ಚೂಡಾಮಣಿ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಅಣ್ಣ ಮದುವೆಯ ಗೋಜಿಗೇ ಹೋಗಲಿಲ್ಲ. ತಂಗಿಗೆ ಹೊಟ್ಟೆಬಟ್ಟೆಗೆ ಕೊರತೆಯಾಗದಂತೆ ಮಾಡಿಟ್ಟು ಹೋಗಿದ್ದ, ಪುಣ್ಯಾತ್ಮ. ಮಾತಾಡೋದಕ್ಕೆ ಮಾತ್ರ ಯಾರನ್ನೂ ಬಿಟ್ಟು ಹೋಗಿರಲಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು ಆ ದೊಡ್ಡ ಮನೆಯಲ್ಲಿ ಒಬ್ಬಳೇ ಏನು ಮಾಡಬೇಕು ಹೇಳಿ? ಬೆಳಿಗ್ಗೆ ಪೇಪರು ಓದುತ್ತಿದ್ದಳು, ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ. ಆಮೇಲೆ ಫೋನು ಬಡಿದುಕೊಳ್ಳಲಿ ಅಂತ ಕಾಯುತ್ತಿದ್ದಳು.

ಬಡಿದುಕೊಳ್ಳುತ್ತಿತ್ತು, ಸಾಕಾಗುವಷ್ಟು. ಬೀದಿಯವರೆಲ್ಲ ತಮ್ಮ ನೆಂಟರಿಷ್ಟರಿಗೆ ಇವಳ ಮನೆಯ ನಂಬರನ್ನೇ ಕೊಟ್ಟಿದ್ದರಲ್ಲ! ಹೆರಿಗೆಯಾದರೆ ಇಲ್ಲಿಗೆ, ಹೆಣ್ಣು ನೋಡೋಕೆ ಬರ್ತಾರೆ ಅಂದರೆ ಇಲ್ಲಿಗೆ, ಯಾರಾದರೂ ಹೋದರು ಅಂದರೂ ಇಲ್ಲಿಗೆ. ಚೂಡಾಮಣಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿ ಬಂದು ಎತ್ತಿದರೆ, ಆ ಕಡೆಯ ದನಿ ಯಾರದೋ ಹೆಸರು ಹೇಳುತ್ತಿತ್ತು. ಇವಳು, "ಲೈನಲ್ಲಿರಿ, ಕರೀತೀನಿ" ಎಂದು ರಿಸೀವರನ್ನು ಬಟ್ಟೆಯ ಮೇಲೆ ಮಲಗಿಸಿ, ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದಳು. "ತಿರುಮಲೇಶ್ ಅವರೇ, ಫೋನು!" "ಗುರುಶಾಂತಪ್ಪನವರೇ, ದಾವಣಗೆರೆಯಿಂದ ಫೋನು, ಬೇಗ ಬನ್ನಿ!" ಗೇಟಿನಿಂದ ಗೇಟಿಗೆ ಹೋಗಿ ಹಾಗೆ ಕೂಗುವುದರಲ್ಲಿ ಅವಳಿಗೆ ಎಂಥ ಸಂತೋಷ ಅಂತೀರಿ! ಬೀದಿಯ ಮಕ್ಕಳು ಅವಳಿಗೆ ಫೋನಮ್ಮ ಅಂತ ಹೆಸರಿಟ್ಟರು. ದೊಡ್ಡವರೂ ಅದನ್ನೇ ಹಿಡಿದರು. ಅವಳಿಗೆ ಬೇರೊಂದು ಹೆಸರಿತ್ತು ಎನ್ನುವುದನ್ನು ಜನ ಮರೆತರು. ನಿಜ ಹೇಳಬೇಕೆಂದರೆ ಅವಳಿಗೂ ಅದರ ನೆನಪು ಕಮ್ಮಿಯಾಗಿತ್ತು.

ಪರಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರು ಗಂಟೆಗಟ್ಟಲೆ ಕಾಯಬೇಕಾಗಿತ್ತು. ಅದಕ್ಕೆಂದೇ ಅವಳು ಅಣ್ಣನ ರೋಗಿಗಳು ಕೂರುತ್ತಿದ್ದ ಬೆಂಚನ್ನು ಹಜಾರಕ್ಕೆ ತಂದಿರಿಸಿದ್ದಳು. ಆ ಬೆಂಚಿನ ಮೇಲೆ ಕೂತವರಿಗೆ ಅವಳ ಪೇಪರು ಬಿಟ್ಟಿ, ಕಾಫಿ ಬಿಟ್ಟಿ, ಅಭಿಪ್ರಾಯ ಅವರವರ ಮನೆಯಿಂದ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ತಿರುಮಲೇಶರಿಗೆ ಕಾನೂನೆಲ್ಲ ಬಾಯಿಪಾಠ. ಡಾಕ್ಟರು ಹೋದಮೇಲೆ ಟೆಲಿಫೋನ್ ಆಫೀಸಿಗೆ ಓಡಾಡಿ ಫೋನನ್ನು ಚೂಡಾಮಣಿಯ ಹೆಸರಿಗೆ ಮಾಡಿಸಿಕೊಟ್ಟವರೂ ಅವರೇ. ಅವಳ ಮೇಲಿನ ಕರುಣೆಯಿಂದ ಅಂತ ತಿಳಿಯಬೇಡಿ. ಅವರ ಮಗಳು ಮದರಾಸಿನಲ್ಲಿದ್ದಳು. ದಿನಸಿ ಅಂಗಡಿಯ ಗುರುಶಾಂತಪ್ಪನವರದು ವ್ಯಾಪಾರದ ಕಡೆಯ ವಾದ.

"ಸೇರು ಪಾವು ಎಲ್ಲ ಬಿಟ್ಟು ಕಿಲೋ ಅಂತೆ! ನಾನು ತಕ್ಕಡೀಲಿ ತೂಗಬೇಕೋ, ಸ್ಲೇಟಲ್ಲಿ ಲೆಕ್ಕ ಮಾಡಬೇಕೋ?"

"ಕಾನೂನು ಅಂದ್ಮೇಲೆ ಕಾನೂನು ಗುರುಶಾಂತಪ್ಪ. ಹಳೇ ತೂಕದ ಬೊಟ್ಟು ಇಟ್ಕೊಂಡಿದ್ರೆ ಇನ್ಸ್‌ಪೆಕ್ಟರ್ ಬಂದು ಹೊತ್ಕೊಂಡು ಹೋಗ್ತಾನೆ."

"ಹೊತ್ಕೊಂಡು ಹೋಗ್ಲಿ, ಅವನಿಗೂ ವ್ಯಾಯಾಮ ಆಗುತ್ತೆ."

ತುಪ್ಪಕ್ಕೆ ಬೆರೆಸದಂತೆ ಡಾಲ್ಡಾಗೆ ಬಣ್ಣ ಹಾಕಬೇಕೋ ಬೇಡವೋ, ಪ್ರೆಷರ್ ಕುಕ್ಕರು ಸಿಡಿಯುತ್ತೋ ಇಲ್ಲವೋ, ಸರ್ಕಾರ ಹೇಳಿದಂತೆ ಬಂಗಾರ ಹದಿನಾಲ್ಕು ಕ್ಯಾರೆಟ್ ಆದರೆ ತಾಳಿ ಮಾಡಿಸುವುದು ಹೇಗೆ, ಎಲ್ಲವೂ ಆ ಬೆಂಚಿನ ಮೇಲೇ ಇತ್ಯರ್ಥ. ಚೂಡಾಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ಪೇಪರನ್ನು ಅವರಿಗಿಂತ ಮೊದಲೇ ಓದಿದ್ದವಳು ಅವಳು. ಅವಳ ತಲೆಯಲ್ಲೂ ಏನೇನೋ ಇತ್ತು. ಕೇಳುವವರು ಯಾರು? ಕಾಫಿಗೆ ಸಕ್ಕರೆ ಸಾಲದು ಎಂದು ಹೇಳುವುದಕ್ಕಷ್ಟೇ ಅವರು ಅವಳ ಕಡೆ ತಿರುಗುತ್ತಿದ್ದರು.

ಕೇಳಿದವಳು ಜಯಾ ಒಬ್ಬಳೇ.

ಎದುರುಮನೆಗೆ ಬಾಡಿಗೆಗೆ ಬಂದಿದ್ದ ಹುಡುಗಿ ಅವಳು, ಅತ್ತೆಯ ಜೊತೆ ಇದ್ದಳು. ಗಂಡ ಗೌರೀಶಂಕರನಿಗೆ ಬೊಂಬಾಯಿಯಲ್ಲಿ ಕೆಲಸ. ಅಲ್ಲಿ ಮನೆ ಸಿಗುವವರೆಗೂ ಹೆಂಡತಿ ಇಲ್ಲಿ. ಭಾನುವಾರ ಅವನ ಫೋನಿಗಾಗಿ ಕಾಯುತ್ತಾ ಆ ಬೆಂಚಿನ ತುದಿಯಲ್ಲಿ ಮುದುರಿಕೊಂಡು ಕೂರುತ್ತಿದ್ದಳು. ಒಂದು ದಿನ ಕಿಲೋ ಜಗಳ ತಾರಕಕ್ಕೆ ಹೋಗಿದ್ದಾಗ, ಇದ್ದಕ್ಕಿದ್ದಂತೆ ತಿರುಗಿ, "ಅಕ್ಕ, ನೀವೇನಂತೀರಿ?" ಎಂದಳು.

ಚೂಡಾಮಣಿಗೆ ಗಾಬರಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಪಾವೋ ಗ್ರಾಮೋ, ನನಗೆ ಎರಡೂ ಒಂದೇ. ಒಬ್ಬರಿಗೆ ಸಾರು ಮಾಡೋ ಅಳತೆ ಎರಡರಲ್ಲೂ ಇಲ್ಲ. ಎಷ್ಟು ಕಡಿಮೆ ಬೇಳೆ ಹಾಕಿದ್ರೂ ನಾಲ್ಕು ಜನಕ್ಕಾಗುತ್ತೆ."

ಗಂಡಸರಿಬ್ಬರೂ ಹೋ ಎಂದು ನಕ್ಕರು. "ಭೇಷ್ ಫೋನಮ್ಮಾ! ಇದನ್ನ ಸರ್ಕಾರಕ್ಕೆ ಹೇಳಬೇಕು." ಜಯಾ ನಗಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ಒಂದು ಮುಚ್ಚಳದ ಪಾತ್ರೆ ಹಿಡಿದು ಬಂದಳು. "ಸಾರು ಮಿಕ್ಕಿದೆಯಾ ಅಕ್ಕ? ನಮ್ಮತ್ತೆ ಮಾಡೋದು ಬರೀ ಹುಣಸೇನೀರು" ಎಂದು ದನಿ ತಗ್ಗಿಸಿ ಹೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಾತ್ರೆ ತುಂಬಿಸಿಕೊಂಡು ಹೊರಡುವಾಗ, "ನಿಮ್ಮ ಹೆಸರೇನಕ್ಕ?" ಎಂದು ಕೇಳಿದಳು.

"ಚೂಡಾಮಣಿ."

"ಅಯ್ಯೋ, ಇಷ್ಟು ಚೆನ್ನಾಗಿರೋ ಹೆಸರು ಇಟ್ಕೊಂಡು ಫೋನಮ್ಮ ಅನ್ನಿಸ್ಕೋತೀರಲ್ಲ!"

ಅಲ್ಲಿಂದಾಚೆಗೆ ಫೋನಿರಲಿ ಇಲ್ಲದಿರಲಿ ಜಯಾ ಬರುತ್ತಿದ್ದಳು. ಇಬ್ಬರೂ ನೆಲದ ಮೇಲೆ ಪೇಪರು ಹರಡಿಕೊಂಡು ಅವರೆಕಾಯಿ ಸುಲಿಯುತ್ತಾ ಮಂತ್ರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದರು. ವರದಕ್ಷಿಣೆ ಕೊಡಬಾರದು ಅಂತ ಕಾನೂನು ಬಂದಿದೆಯಲ್ಲ, ನೀವೇನಂತೀರಿ ಅಕ್ಕ? ನೈಲಾನ್ ಸೀರೆ ಬೆಂಕಿ ತಾಗಿದ್ರೆ ಮೈಗೇ ಅಂಟುತ್ತಂತಲ್ಲ, ನೀವೇನಂತೀರಿ? ಚೂಡಾಮಣಿ ಹೇಳುತ್ತಿದ್ದಳು. ಮೊದಮೊದಲು ತಡವರಿಸಿ, ಆಮೇಲೆ ಖಡಾಖಂಡಿತವಾಗಿ. ತನಗೆ ಇಷ್ಟೊಂದು ಮಾತು ಬರುತ್ತೆ ಅಂತ ಅವಳಿಗೇ ಗೊತ್ತಿರಲಿಲ್ಲ. ರಾತ್ರಿ ಮಲಗುವಾಗ, ನಾಳೆ ಏನು ಕೇಳ್ತಾಳೋ ಎಂದು ನೆನೆಸಿಕೊಂಡು ಸಂತೋಷಪಡುತ್ತಿದ್ದಳು.

ಗೌರೀಶಂಕರನಿಗೆ ಮನೆ ಸಿಕ್ಕಿತು. ಸಿಗಲೇಬೇಕಲ್ಲ. ಆ ಸುದ್ದಿಯೂ ಇದೇ ಫೋನಿಗೆ ಬಂತು, ಹೋಗಿ ಕರೆದವಳೂ ಚೂಡಾಮಣಿಯೇ. ಅತ್ತೆ ಸೊಸೆ ಗಂಟುಮೂಟೆ ಕಟ್ಟಿದರು. ಜಟಕಾ ಹತ್ತುವ ಮುಂಚೆ ಜಯಾ ಓಡಿ ಬಂದು ಇವಳ ಕೈ ಹಿಡಿದುಕೊಂಡಳು.

"ಅಲ್ಲಿಂದ ಫೋನ್ ಮಾಡ್ತೀನಿ ಅಕ್ಕ. ಪೇಪರಲ್ಲಿ ಏನಾದ್ರೂ ಹೊಸ ಕಾನೂನು ಬರ್ಲಿ, ನಿಮ್ಮನ್ನೇ ಕೇಳೋದು."

"ದುಡ್ಡು ದಂಡ ಕಣೇ. ಅಷ್ಟು ದೂರದಿಂದ ಯಾರು ಮಾಡ್ತಾರೆ?"

"ಮಾಡ್ತೀನಿ ಅಂದ್ರೆ ಮಾಡ್ತೀನಿ. ಫೋನು ಎಲ್ಲೂ ಹೋಗ್ಬಾರ್ದು, ಅಷ್ಟೆ."

ಹೋದವಳು ಹೋದಳು. ಹೊಸ ಊರು, ಹೊಸ ಸಂಸಾರ, ಪಾಪ, ಅವಳದೇನು ತಪ್ಪು? ಚೂಡಾಮಣಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಪ್ರತಿ ಸಲವೂ ಜಯಾಳೇ ಎಂದು ಓಡಿ ಬರುತ್ತಿದ್ದಳು; ಪ್ರತಿ ಸಲವೂ ಬೇರೆಯವರ ಹೆಸರು.

ಆಮೇಲೆ ಬಂತು ನೋಡಿ ಆ ಸುದ್ದಿ. ಈ ಕಡೆಯ ಬಡಾವಣೆಗಳಿಗೆಲ್ಲ ಹೊಸ ಲೈನು ಕೊಡುತ್ತಾರಂತೆ ಎಂದು ಪೇಪರಿನಲ್ಲಿ ಬಂದ ದಿನ, ಹಜಾರದಲ್ಲಿ ಹಬ್ಬ. "ಇನ್ಮೇಲೆ ಫೋನಮ್ಮನಿಗೆ ಓಡಾಟ ತಪ್ತು" ಎಂದು ತಿರುಮಲೇಶರು ಔದಾರ್ಯದಿಂದ ಘೋಷಿಸಿದರು. ಚೂಡಾಮಣಿ ಎಲ್ಲರಿಗೂ ಕಾಫಿ ಕೊಟ್ಟಳು. ತನ್ನ ಒಂಟಿತನಕ್ಕೆ ತಾನೇ ಸಕ್ಕರೆ ಹಾಕಿ ಕಲಕುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಮೊದಲು ತಿರುಮಲೇಶರ ಮನೆಗೆ ಬಂತು, ಆಮೇಲೆ ಗುರುಶಾಂತಪ್ಪನವರ ಅಂಗಡಿಗೆ, ಆಮೇಲೆ ಅವರ ಆಚೆಯವರಿಗೆ. ಬೆಂಚು ಖಾಲಿಯಾಯಿತು. ಯಾರೂ ಜಗಳವಾಡಿ ಹೋದವರಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು. ಬರುವ ಕೆಲಸ ಇಲ್ಲದ್ದಕ್ಕೆ ಬರಲಿಲ್ಲ, ಅಷ್ಟೇ. ಚೂಡಾಮಣಿ ಪೇಪರು ಓದಿ ಮಡಿಸಿ ಬೆಂಚಿನ ಮೇಲಿಡುತ್ತಿದ್ದಳು, ಸಂಜೆ ಹಾಗೇ ಎತ್ತಿಡುತ್ತಿದ್ದಳು. ಒಮ್ಮೊಮ್ಮೆ ಫೋನು ಕೆಟ್ಟಿದೆಯೇನೋ ಎಂದು ಎತ್ತಿ ಕಿವಿಗಿಟ್ಟು ನೋಡುತ್ತಿದ್ದಳು. ಅದು ಚೆನ್ನಾಗಿಯೇ ಗುಂಯ್‌ಗುಡುತ್ತಿತ್ತು.

ಒಂದು ದಿನ ತಿರುಮಲೇಶರು ಬಂದರು. ಅವಳು ಸಡಗರದಿಂದ ಕಾಫಿಗೆ ನೀರಿಟ್ಟಳು. ಅವರು ಕೂರಲೂ ಇಲ್ಲ.

"ಅಲ್ಲಮ್ಮಾ, ಒಬ್ಬರಿಗೆ ಫೋನ್ ಯಾಕೆ? ಸುಮ್ನೆ ಬಾಡಿಗೆ ಕಟ್ತಿದ್ದೀರಿ. ಎಷ್ಟೋ ಜನ ಕಾಯ್ತಾ ಇದಾರೆ, ನ್ಯಾಯ ಅನ್ನೋದೂ ಒಂದಿದೆ. ವಾಪಸ್ ಕೊಡ್ತೀನಿ ಅಂತ ಬರೆದು ಕೊಡಿ, ನಾನೇ ಆಫೀಸಿಗೆ ತಲುಪಿಸ್ತೀನಿ. ನಿಮಗೆ ಯಾರು ಫೋನ್ ಮಾಡೋರಿದ್ದಾರೆ?"

ಜಯಾ ಹೋಗಿ ಎರಡು ವರ್ಷವಾಗಿತ್ತು. ಮಾಡ್ತೀನಿ ಅಂದಿದ್ದಾಳೆ ಎಂದು ಹೇಳಿದರೆ ನಗುತ್ತಾರೆ ಎಂದು ನಾಚಿಕೆಯಾಯಿತು. ಅವರು ಹೇಳಿದಂತೆ ಬರೆದು ರುಜು ಹಾಕಿದಳು. ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿತು.

ಸೋಮವಾರ ಮಧ್ಯಾಹ್ನ ಟೆಲಿಫೋನ್ ಇಲಾಖೆಯವನು ಬಂದು ಬಿಚ್ಚಿಕೊಂಡು ಹೋಗುತ್ತಾನೆ ಎಂದು ಗೊತ್ತಾಯಿತು. ಆ ದಿನ ಬೆಳಿಗ್ಗೆ ಚೂಡಾಮಣಿ ಫೋನಿನ ಧೂಳು ಒರೆಸಿ, ಕಸೂತಿ ಬಟ್ಟೆಯನ್ನು ಒಗೆಯಲು ತೆಗೆದಳು. ತವರಿನಿಂದ ಹೆಣ್ಣುಮಗಳನ್ನು ಕಳಿಸುವವಳ ಹಾಗೆ ಅದರ ಸುತ್ತ ಸುಮ್ಮನೆ ಓಡಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಆಗ ಹೊಡೆದುಕೊಂಡಿತು ಫೋನು!

ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಮೊರ ಎತ್ತಲೋ ಎಸೆದು, ಕಾಲಲ್ಲಿ ಅಕ್ಕಿ ತುಳಿಯುತ್ತಾ ಓಡಿದಳು. ಯಾರಿಗೋ ಫೋನು ಬಂದಿದೆ! ಯಾರನ್ನೋ ಹೋಗಿ ಕರೆಯಬೇಕು! ಯಾರೋ ಬಂದು ಬೆಂಚಿನ ಮೇಲೆ ಕೂರುತ್ತಾರೆ!

"ಹಲೋ, ಬಾಂಬೆ ಟ್ರಂಕ್ ಕಾಲ್" ಎಂದಳು ಎಕ್ಸ್‌ಚೇಂಜಿನ ಹುಡುಗಿ. "ಚೂಡಾಮಣಿ ಅನ್ನೋರಿದ್ದಾರಾ? ಅವರಿಗೇ ಕೊಡಬೇಕಂತೆ."

"ಲೈನಲ್ಲಿರಿ, ಕರೀತೀನಿ."

ರಿಸೀವರನ್ನು ಮಲಗಿಸಿದಳು. ಚಪ್ಪಲಿ ಮೆಟ್ಟಿದಳು. ಗೇಟು ತೆಗೆದು ಬೀದಿಗೆ ಬಂದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾವ ಮನೆ? ಗುರುಶಾಂತಪ್ಪನವರ ಮನೆಯ ಹಿಂದೆ ಹೊಸದಾಗಿ ಬಂದವರೇ? ಮೂಲೆಮನೆಯವರೇ? ಸರಸರನೆ ಮೂಲೆಯವರೆಗೂ ಹೋದಳು. ಅಲ್ಲಿ ಚಿಕ್ಕಲಸಂದ್ರದಿಂದ ಹಾಲು ತರುವ ಅಂಜನಮ್ಮ ಖಾಲಿ ಕ್ಯಾನು ಇಳಿಸಿಕೊಂಡು ಎಲೆಯಡಿಕೆ ಹಾಕುತ್ತಿದ್ದಳು.

"ಯಾರ್ನ ಹುಡುಕ್ತಾ ಇದೀರವ್ವಾ, ಹಿಂಗ್ ಓಡ್ತಾ?"

"ಚೂಡಾಮಣಿ ಅನ್ನೋರಿಗೆ ಬೊಂಬಾಯಿಂದ ಫೋನು ಬಂದಿದೆ. ಯಾವ ಮನೆ ಗೊತ್ತಾ?"

ಅಂಜನಮ್ಮ ಯೋಚಿಸಿದಳು. ಬೀದಿಯ ಮನೆಮನೆಗೂ ಹಾಲು ಹಾಕುವವಳು ಅವಳು. "ಇಲ್ಲ ಕಣವ್ವಾ" ಎಂದಳು. "ಈ ಬೀದೀಲಿ ಆ ಹೆಸ್ರಿನೋರು ಯಾರೂ ಇಲ್ಲ."

ಚೂಡಾಮಣಿ ನಿಂತಲ್ಲೇ ನಿಂತಳು.

ಆಮೇಲೆ ಓಡಿದಳು. ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು. ಗೇಟು, ಮೆಟ್ಟಿಲು, ಹಜಾರ. ರಿಸೀವರನ್ನು ಎರಡು ಕೈಯಲ್ಲಿ ಹಿಡಿದು, "ಜಯಾ! ಜಯಾ, ನಾನೇ ಕಣೇ, ನಾನೇ!" ಎಂದು ಕೂಗಿದಳು. ಅದು ಗುಂಯ್‌ಗುಡುತ್ತಿತ್ತು.

ಟ್ರಂಕಿನವರ ನಂಬರು ತಿರುಗಿಸಿದಳು. ಇಷ್ಟು ವರ್ಷ ಮನೆಯಲ್ಲಿ ಫೋನಿದ್ದೂ, ತನಗೋಸ್ಕರ ಅವಳು ತಿರುಗಿಸಿದ್ದು ಅದೇ ಮೊದಲು.

"ಆ ಹೆಸರಿನೋರು ಲೈನಿಗೆ ಬರಲಿಲ್ಲ ಅಂತ ಕಾಲ್ ಕ್ಯಾನ್ಸಲ್ ಆಗಿದೆ ಮೇಡಂ. ಬಾಂಬೆಯೋರೇ ಮತ್ತೆ ಬುಕ್ ಮಾಡ್ಬೇಕು."

"ಮಾಡ್ತಾರಾ?"

"ಅದು ನಮಗೆ ಹೇಗೆ ಗೊತ್ತಾಗುತ್ತೆ ಮೇಡಂ?"

ಮಧ್ಯಾಹ್ನ ಇಲಾಖೆಯವನು ಚೀಲ ತಗುಲಿಸಿಕೊಂಡು ಬಂದಾಗ ಬಾಗಿಲು ತೆರೆದೇ ಇತ್ತು. ಹಜಾರದವರೆಗೂ ಅಕ್ಕಿ ಚೆಲ್ಲಾಡಿತ್ತು. ಎಂದೂ ಬೆಂಚಿನ ಮೇಲೆ ಕೂತವಳಲ್ಲ ಚೂಡಾಮಣಿ. ಇವತ್ತು ಅದರ ತುದಿಯಲ್ಲಿ, ಜಯಾ ಕೂರುತ್ತಿದ್ದ ಜಾಗದಲ್ಲಿ, ಮುದುರಿಕೊಂಡು ಕೂತಿದ್ದಳು.

"ಫೋನ್ ಬಿಚ್ಚೋಕೆ ಬಂದಿದ್ದೀನಮ್ಮ."

"ಬೇಡಪ್ಪ. ಕೊಡಲ್ಲ."

"ನೀವೇ ಬರೆದು ಕೊಟ್ಟಿದ್ದೀರಲ್ಲಮ್ಮ, ಬೇಡ ಅಂತ."

"ಬರೆದಿದ್ದೆ, ತಪ್ಪಾಯ್ತು. ಫೋನು ಬರೋದಿದೆ."

ಅವನು ಮನೆಯೊಳಗೆ ಅತ್ತಿತ್ತ ನೋಡಿದ. ಬೇರೆ ಯಾರೂ ಕಾಣಲಿಲ್ಲ.

"ಯಾರಿಗಮ್ಮಾ?"

ಚೂಡಾಮಣಿ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು.

"ನನಗೆ" ಎಂದಳು.