ಏರಿದವರ ಪಟ್ಟಿ

ಇನ್ನೂರನೆಯ ಮೆಟ್ಟಿಲಿನ ಹತ್ತಿರ ಹಿಂಗಾಲನಿಗೆ ತಲೆ ಸುತ್ತು ಬಂತು. ಪಕ್ಕದ ಕಂಬಿ ಹಿಡಿದು ನಿಂತ. ಹೆಗಲ ಮೇಲೆ ಏನೂ ಇರಲಿಲ್ಲ, ಅದೇ ತೊಂದರೆ. ಇಪ್ಪತ್ತೆರಡು ವರ್ಷ ಯಾತ್ರಿಕರ ಕುರ್ಚಿಯ ಎರಡು ಬೊಂಬುಗಳನ್ನು ಹೆಗಲಿಗೆ ಕಚ್ಚಿಸಿಕೊಂಡೇ ಹತ್ತಿದ ಮೈ ಇವತ್ತು ಭಾರವಿಲ್ಲದೆ ಕುಡಿದವನಂತೆ ತೂರಾಡುತ್ತಿತ್ತು. ಎತ್ತಿದ ಕಾಲು ಬೇಕಾದ್ದಕ್ಕಿಂತ ಮೇಲೆ ಹೋಗುತ್ತಿತ್ತು. ಇಳಿಸಿದರೆ ಮೆಟ್ಟಿಲು ಅಂದುಕೊಂಡ ಕಡೆ ಸಿಗುತ್ತಿರಲಿಲ್ಲ.

ಕೆಳಗಿನಿಂದ ಕುರ್ಚಿ ಹೊತ್ತ ಜೋಡಿಯೊಂದು ಏದುಸಿರು ಬಿಡುತ್ತ ಬಂತು. ಕುರ್ಚಿಯಲ್ಲಿ ಕೊಡೆ ಹಿಡಿದ ದಪ್ಪ ಮನುಷ್ಯನೊಬ್ಬ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ಮುಂದೆ ಹೊತ್ತಿದ್ದವನನ್ನು ಎಲ್ಲರೂ ಗೊಣಗ ಅನ್ನುತ್ತಾರೆ. ಅಷ್ಟು ಭಾರದಲ್ಲೂ ಅವನು ಹಲ್ಲು ಕಿರಿದ.

“ಏನಣ್ಣಾ, ಯಜಮಾನ್ರು ಇವತ್ತು ಕೈ ಬೀಸ್ಕೊಂಡು ಹೊರಟ್ಬಿಟ್ಟಿದ್ದೀರಿ? ಕುರ್ಚಿ ತರ್ಸ್ಲಾ?”

“ನೀನು ಹೊರೋದಾದ್ರೆ ಕೂತ್ಕೋತೀನಿ.”

“ನಾಲ್ಕು ಜನ ಹೊರೋ ಕಾಲ ಬರುತ್ತಲ್ಲ, ಆಗ ನಾನೇ ಮುಂದೆ ನಿಲ್ತೀನಿ. ಈಗ ದಾರಿ ಬಿಡು.”

ಒಂಬತ್ತು ದಿನದ ಹಿಂದೆ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಮುಂದೆ ನಿಂತಿದ್ದವನು ಅವನೇ. ಅದು ನೆನಪಾಯಿತೇನೋ, ನಾಲಿಗೆ ಕಚ್ಚಿಕೊಂಡು ಮೇಲಕ್ಕೆ ಹೋದ.

ಪೆಟ್ಟಿಗೆಯಲ್ಲಿದ್ದವನು ಮುಂಗಾಲ. ಒಂದು ಕುರ್ಚಿ, ಎರಡು ಬೊಂಬು, ಇಬ್ಬರು ಗಂಡಸರು. ದೂರದಿಂದ ನೋಡಿದರೆ ನಾಲ್ಕು ಕಾಲಿನ ಒಂದೇ ಪ್ರಾಣಿ. ಹಾಗಾಗಿ ಮುಂದಿನವನು ಮುಂಗಾಲ, ಹಿಂದಿನವನು ಹಿಂಗಾಲ. ಸಮಾಧಿಯ ಹತ್ತಿರ ಮುಂಗಾಲನ ನಿಜವಾದ ಹೆಸರನ್ನು ಓದಿದಾಗ, ಬೇರೆ ಯಾರನ್ನೋ ಹೂಳುತ್ತಿದ್ದಾರೆ ಎಂಬಂತೆ ಹೊರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಒಟ್ಟು ಒಂಬೈನೂರ ಹದಿನಾಲ್ಕು ಮೆಟ್ಟಿಲು. ತುದಿಯಲ್ಲಿ ದೇವಾಲಯ, ಮೋಶೆಗೆ ದೇವರು ಕಾಣಿಸಿಕೊಂಡ ಬೆಟ್ಟದ ನೆನಪಿಗೆ ಹಿಂದಿನವರು ಕಟ್ಟಿದ್ದು. ಕಷ್ಟಪಟ್ಟು ಏರಿದವನಿಗೆ ಕೃಪೆ ಎಂಬುದು ನಂಬಿಕೆ. ದಿನಾ ಸಂಜೆ ಐದಕ್ಕೆ, ಅಂದು ಬೆಟ್ಟ ಏರಿದವರ ಹೆಸರುಗಳನ್ನು ಪಾದ್ರಿಗಳು ಮೈಕಿನಲ್ಲಿ ಓದುತ್ತಾರೆ, ಕೆಳಗಿನ ಬೀದಿಯವರೆಗೂ ಕೇಳಿಸುತ್ತದೆ. ನಡೆದು ಹತ್ತಿದವರ ಹೆಸರು ಬರುತ್ತದೆ. ಕುರ್ಚಿಯಲ್ಲಿ ಕೂತು ಹತ್ತಿದವರ ಹೆಸರೂ ಬರುತ್ತದೆ. ಕುರ್ಚಿ ಹೊತ್ತವರದ್ದು ಬರುವುದಿಲ್ಲ. ಅವರು ಬಂದದ್ದು ಕೆಲಸಕ್ಕೆ.

ಬೆಳಿಗ್ಗೆ ಮುಂಗಾಲನ ಹೆಂಡತಿ ಮನೆ ಬಾಗಿಲಿಗೆ ಬಂದಿದ್ದಳು. ಯಾತ್ರಿಕರ ವಸತಿಗೃಹದಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಸೋಪಿನ ನೀರಿಗೆ ಬೆರಳ ತುದಿಗಳೆಲ್ಲ ಬಿಳಿಚಿ ಸುಕ್ಕಾಗಿದ್ದವು. ಒಳಗೆ ಬಾ ಅತ್ತಿಗೆ ಎಂದರೂ ಹೊಸ್ತಿಲಾಚೆಯೇ ನಿಂತಳು.

“ದಿನಾ ಸಂಜೆ ದುಪ್ಪಟಿ ಮಡಚ್ತಾ ಆ ಪಟ್ಟಿ ಕೇಳ್ತೀನಿ ಕಣಪ್ಪಾ. ಅವರು ಹೋದ ದಿನಾನೂ ಕೇಳ್ದೆ. ಅವತ್ತು ಅವರು ಹೊತ್ತಿದ್ದ ಆಯಮ್ಮನ ಹೆಸರು ಬಂತು. ಇವರನ್ನ ಕೆಳಗೆ ಶೆಡ್ಡಲ್ಲಿ ಮಲಗಿಸಿದ್ರು, ಮೇಲೆ ಆಯಮ್ಮನ ಹೆಸರು ಓದ್ತಾ ಇದ್ರು.”

ಅವಳು ಅಳಲಿಲ್ಲ. ಅತ್ತು ಅತ್ತು ಸಾಕಾದ ಧ್ವನಿ ಅದು.

“ಸೋಮವಾರದಿಂದ ಬೆಟ್ಟಕ್ಕೆ ಆ ತಂತಿ ಮೇಲಿನ ಗಾಡಿ ಓಡುತ್ತಂತೆ. ದಿನಕ್ಕೆ ನಾಲ್ಕು ಸಾವಿರ ಜನ ಹತ್ತಿದ್ರೆ ಹೆಸರು ಯಾರು ಓದ್ತಾರೆ? ಇವತ್ತಿಗೇ ಕೊನೆಯಂತೆ. ಒಂದ್ಸಲ, ಒಂದೇ ಒಂದ್ಸಲ ಇವರ ಹೆಸರು ಅದ್ರಲ್ಲಿ ಬರಲಿ. ನೀನು ಹೋಗಿ ಹೇಳಪ್ಪಾ, ನಿನ್ನ ಮಾತು ಕೇಳ್ತಾರೆ.”

ಬೆಟ್ಟದ ಮೇಲೆ ಅವನ ಬಾಯಿಂದ ಯಾರಾದರೂ ಕೇಳಿಸಿಕೊಂಡಿದ್ದರೆ ಅದು ‘ಹುಷಾರು, ತಲೆ ಬಗ್ಗಿಸಿ’ ಎಂಬ ಮಾತು ಮಾತ್ರ. ಆದರೂ “ಆಯ್ತು ಅತ್ತಿಗೆ” ಅಂದ.

ಒಳಗಿನಿಂದ ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. “ಇವತ್ತು ಹೊರೆ ಇಲ್ಲದೇ ಹತ್ತಿ ಅಂತೀನಿ. ಆಗ ನೀವೂ ಯಾತ್ರಿಕರೇ ತಾನೆ? ನಿಮ್ಮ ಹೆಸರು ಬರೀಲೇಬೇಕಲ್ಲ! ಪಕ್ಕದ ಮನೆ ಅಕ್ಕಂಗೂ ಹೇಳಿರ್ತೀನಿ. ‘ನಿನ್ನ ಗಂಡ ಬೆಟ್ಟದ ಕತ್ತೆ’ ಅಂತ ಆಡ್ಕೋತಾಳೆ, ಐದು ಗಂಟೆಗೆ ಕಿವಿ ತುಂಬ ಕೇಳಿಸ್ಕೊಳ್ಳಲಿ.”

ಎಷ್ಟೋ ವರ್ಷದಿಂದ ಅವಳ ಮುಖದಲ್ಲಿ ಕಾಣದಿದ್ದ ಹುರುಪು. “ಎರಡೂ ಬರುತ್ತೆ ಬಿಡು,” ಎಂದು ಹೊರಟಿದ್ದ.

ನಾನೂರನೆಯ ಮೆಟ್ಟಿಲಿಗೆ ಮಂಡಿ ಮಾತಾಡತೊಡಗಿತು. ಮುಂಗಾಲ ಇದ್ದಿದ್ದರೆ ಇಷ್ಟು ಹೊತ್ತಿಗೆ ಮೋಶೆಯ ವಿಷಯ ತೆಗೆಯುತ್ತಿದ್ದ. ದೇವಾಲಯದ ಗೋಡೆಯಾಚೆ ಕೂತು ಪ್ರಸಂಗ ಕೇಳಿ ಕೇಳಿ ಅವನಿಗೆ ಬೈಬಲಿನ ಬೆಟ್ಟಗಳೆಲ್ಲ ಬಾಯಿಪಾಠವಾಗಿದ್ದವು. “ಎರಡು ಕಲ್ಲಿನ ಹಲಗೆ ಹೊತ್ಕೊಂಡು ಒಬ್ಬನೇ ಇಳಿದ್ನಂತೆ ಕಣೋ. ಸಿಟ್ಟಲ್ಲಿ ಎತ್ತಿ ಹಾಕಿ ಒಡೆದ. ದೇವರು ಇನ್ನೊಂದು ಜೊತೆ ಕೊಟ್ಟ. ನಾವು ಒಬ್ಬ ಯಾತ್ರಿಕನ್ನ ಎತ್ತಿ ಹಾಕಿದ್ರೆ ಇನ್ನೊಬ್ಬನ್ನ ಕೊಡ್ತಾರಾ ಕೇಳು!” ಸೀನಾಯಿ ಬೆಟ್ಟದ ಸುತ್ತ ಎಲ್ಲೆ ಹಾಕಿ, ಜನ ಅದನ್ನು ದಾಟಬಾರದೆಂದು ದೇವರು ಅಪ್ಪಣೆ ಮಾಡಿದ ದಿನದ ಪ್ರಸಂಗಕ್ಕೆ ಅವನು ಅಂದಿದ್ದು: “ಪುಣ್ಯವಂತರು, ಅವರಿಗೆ ಗೆರೆ ಕೆಳಗೇ ಎಳೆದ್ರು. ನಮ್ಮನ್ನ ಅಷ್ಟೂ ಹತ್ತಿಸಿ ಮೇಲೆ ಎಳ್ದಿದಾರೆ.” ಒಂದು ದಿನ ಬೆಟ್ಟಗುಡ್ಡಗಳೆಲ್ಲ ತಗ್ಗಿ ನೆಲಸಮವಾಗುತ್ತವೆ ಎಂಬ ಪ್ರವಾದಿಯ ಮಾತು ಮಾತ್ರ ಅವನಿಗೆ ಬಹಳ ಹಿಡಿಸಿತ್ತು. “ತಾರೀಖು ಹೇಳ್ಲಿಲ್ಲವಲ್ಲೋ. ಹೇಳಿದ್ರೆ ಅವತ್ತು ಎರಡು ಸರ್ತಿ ಜಾಸ್ತಿ ಹೊರ್ತಿದ್ದೆ.”

ಐನೂರ ಅರವತ್ತೆರಡನೆಯ ಮೆಟ್ಟಿಲು ಬಂತು. ಮುಂಗಾಲ ಸತ್ತದ್ದು ಇಲ್ಲೇ. ಅವತ್ತು ಅವನು ಇದ್ದಕ್ಕಿದ್ದಂತೆ “ಇಳ್ಸು” ಅಂದ. ಇಬ್ಬರೂ ಸೇರಿ ಕುರ್ಚಿ ಇಳಿಸಿದರು. ಅದು ವಾಲದಂತೆ ಒಂದು ಕಾಲಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟು, ಅಲುಗಾಡಿಸಿ ನೋಡಿ, ಆಮೇಲೆ ಮುಂಗಾಲ ಗೋಡೆಗೊರಗಿ ಕೂತ. ಅಷ್ಟೇ. ಹಿಂಗಾಲ ಅವನ ಅಂಗಿ ಗುಂಡಿ ಬಿಚ್ಚಿ ಎದೆ ತಿಕ್ಕುತ್ತಿದ್ದಾಗ ಕುರ್ಚಿಯಲ್ಲಿದ್ದ ಹೆಂಗಸು ಕೇಳಿದಳು, “ಯಾಕಪ್ಪಾ ನಿಂತ್ಬಿಟ್ರಿ? ಐದರೊಳಗೆ ತಲುಪ್ತೀವಾ?” ತಲುಪಿದಳು. ಹಿಂದೆ ಬರುತ್ತಿದ್ದ ಖಾಲಿ ಜೋಡಿಯೊಂದು ಅವಳನ್ನು ಎತ್ತಿಕೊಂಡು ಹೋಯಿತು.

ಈಗ ಆ ಮೆಟ್ಟಿಲ ಮೇಲೆ ಯಾರೋ ನೀರಿನ ಬಾಟಲಿ ಇಟ್ಟು ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಹಿಂಗಾಲ ನಿಲ್ಲಲಿಲ್ಲ. ನಿಂತರೆ ಮತ್ತೆ ಏರುವ ಶಕ್ತಿ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮೇಲೆ ತಲುಪಿದಾಗ ನಾಲ್ಕೂ ಕಾಲು. ಅಂಗಳದ ಅಂಚಿನಲ್ಲಿ ನೆಲಕ್ಕೆ ಹಳದಿ ಗೆರೆ, ಪಕ್ಕದಲ್ಲಿ ಹಲಗೆ: ‘ಹೊರೆಯಾಳುಗಳು ಇಲ್ಲೇ ನಿಲ್ಲಬೇಕು.’ ಅವನ ಕಾಲು ತಾನಾಗಿ ಗೋಡೆಯ ಕಡೆ ತಿರುಗಿತು. ಅಲ್ಲಿ ಗೊಣಗ, ಇನ್ನೂ ಏಳೆಂಟು ಜನ ತಮ್ಮ ಬೊಂಬುಗಳನ್ನು ಒರಗಿಸಿ ಕೂತಿದ್ದರು.

“ಬಾ, ಕೂತ್ಕೋ,” ಗೊಣಗ ಜಾಗ ಮಾಡಿದ.

“ಇಲ್ಲ. ಒಳಗೆ ಹೋಗ್ಬೇಕು.”

“ಒಳಗಾ? ಏನಿದೆ ಒಳಗೆ?”

“ನೋಡಿದ್ರೆ ತಾನೆ ಗೊತ್ತಾಗೋದು.”

ಗೆರೆ ದಾಟಿದ. ಯಾರೂ ತಡೆಯಲಿಲ್ಲ. ಹೆಗಲ ಮೇಲೆ ಬೊಂಬಿಲ್ಲದವನು ಹೊರೆಯಾಳೆಂದು ಯಾರಿಗೂ ಗುರುತು ಸಿಗಲಿಲ್ಲ.

ಹೆಸರು ಬರೆಸುವ ಕಿಟಕಿಯ ಮುಂದೆ ಸಾಲು. ಅವನ ಮುಂದಿದ್ದ ಹೆಂಗಸು ತನ್ನ ಹೆಸರು ಬರೆಸಿ, ತಗ್ಗಿದ ದನಿಯಲ್ಲಿ ಇನ್ನೇನೋ ಕೇಳಿದಳು. ಗುಮಾಸ್ತ ಪುಸ್ತಕದಿಂದ ತಲೆ ಎತ್ತದೆ ಹೇಳಿದ: “ತೀರಿಕೊಂಡವರದ್ದೆಲ್ಲ ಇದರಲ್ಲಿ ಬರೆಯಲ್ಲಮ್ಮಾ. ಇವತ್ತು ಹತ್ತಿದವರು ಮಾತ್ರ. ಒಬ್ಬರಿಗೆ ಒಂದೇ ಹೆಸರು.”

“ನಮ್ಮ ಯಜಮಾನ್ರಿಗೆ ಹತ್ತಬೇಕು ಅಂತ ತುಂಬ ಆಸೆ ಇತ್ತು...”

“ಆಸೆಗೆಲ್ಲ ಕಾಲಂ ಇಲ್ಲ. ಮುಂದಿನವರು.”

ಹಿಂಗಾಲ ಕಿಟಕಿಗೆ ಬಂದ. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡಿದ್ದ: ಸ್ವಾಮೀ, ಇಪ್ಪತ್ತೆರಡು ವರ್ಷ, ನಿಮ್ಮ ಈ ಮೆಟ್ಟಿಲ ಮೇಲೇ, ಒಂದ್ಸಲ ದೊಡ್ಡ ಮನಸ್ಸು ಮಾಡಿ. ಅದಕ್ಕೂ ಇಲ್ಲಿ ಕಾಲಂ ಇರಲಿಲ್ಲ.

“ಹೆಸರು?”

ಕೆಳಗೆ ಹೆಂಡತಿ ಈ ಹೊತ್ತಿಗೆ ಪಕ್ಕದ ಮನೆಯವಳನ್ನು ಕರೆದು ಬಾಗಿಲಲ್ಲಿ ಕೂರಿಸಿಕೊಂಡಿರುತ್ತಾಳೆ. ವಸತಿಗೃಹದ ಹಿಂದೆ ಅತ್ತಿಗೆ ಕೈಯಲ್ಲಿನ ಕೆಲಸ ನಿಲ್ಲಿಸಿರುತ್ತಾಳೆ. ಬೆಳಿಗ್ಗೆಯಿಂದ ಬಾಯಲ್ಲೇ ತಿರುವಿಕೊಂಡು ಬಂದಿದ್ದ ಎರಡು ಹೆಸರುಗಳಲ್ಲಿ ಒಂದು ಅವನ ನಾಲಿಗೆಯ ತುದಿಗೇ ಬಂದು ಕೂತಿತ್ತು, ಅದು ಅವನದೇ.

“ಹೆಸರು ಹೇಳ್ರೀ, ಹಿಂದೆ ಜನ ಇದ್ದಾರೆ.”

ಅದನ್ನು ನುಂಗಿ, ಮುಂಗಾಲನ ಹೆಸರು ಹೇಳಿದ. ಅಪ್ಪನ ಹೆಸರು ಸೇರಿಸಿ, ಪೂರ್ತಿಯಾಗಿ.

ಗುಮಾಸ್ತ ಬರೆದುಕೊಂಡ. ಇಪ್ಪತ್ತೆರಡು ವರ್ಷ ಇದೇ ಕಿಟಕಿಗೆ ಕಾಣುವ ಗೆರೆಯ ಬಳಿ ಕುರ್ಚಿ ಇಳಿಸಿದವನ ಮುಖವನ್ನು ಈಗಲೂ ಎತ್ತಿ ನೋಡಲಿಲ್ಲ. “ಕುರ್ಚೀಲಾ, ನಡ್ಕೊಂಡಾ?”

“ನಡ್ಕೊಂಡು.”

“ಎಷ್ಟನೇ ಸಲ?”

ಹಿಂಗಾಲ ಯೋಚಿಸಿದ. ದಿನಕ್ಕೆ ಎರಡು, ಜನ ಹೆಚ್ಚಿದ್ದರೆ ಮೂರು. “ಲೆಕ್ಕ ಇಟ್ಟಿಲ್ಲ ಸ್ವಾಮೀ.”

“ಲೆಕ್ಕ ಇಟ್ಟಿಲ್ಲ ಅಂತ ಬರೆಯೋಕಾಗುತ್ತಾ? ಒಂದು ಅಂತ ಹಾಕ್ತೀನಿ.” ಹಾಕಿದ. “ಒಳಗೆ ಹೋಗಿ ಕೂತ್ಕೊಳ್ಳಿ. ಹೆಸರು ಕೂಗಿದಾಗ ಮುಂದೆ ಬನ್ನಿ.”

ಒಳಗೆ ನೆಲ ತಣ್ಣಗಿತ್ತು. ಹಿಂದಿನ ಬೆಂಚಿನ ತುದಿಗೆ ಅರ್ಧ ಕೂತ. ಪಾದ್ರಿಗಳು ವಯಸ್ಸಾದವರು, ಅವರಿಗೂ ದಣಿವಾಗಿತ್ತು. ಬಲಿಪೀಠದ ಅಂಚಿಗೆ ಕೈಯೂರಿ ಮಾತಾಡಿದರು. ಇವತ್ತಿನದು ನೆಬೋ ಬೆಟ್ಟ. ಮೋಶೆ ಕಡೆಗಾಲದಲ್ಲಿ ಏರಿದ್ದು. ದೇವರು ಅಲ್ಲಿಂದ ಆ ದೇಶವನ್ನೆಲ್ಲ ತೋರಿಸಿದ, ಕಣ್ಣಿಂದ ನೋಡು, ಕಾಲಿಡುವುದು ನಿನಗಿಲ್ಲ ಅಂದ. ಬೆಟ್ಟವೆಂದರೆ ದೇವರ ಸನ್ನಿಧಿ, ಬೆಟ್ಟವೆಂದರೆ ಆಜ್ಞೆ, ಬೆಟ್ಟವೆಂದರೆ ಕಾದಿರುವ ನಾಡಿನ ನೋಟ ಎಂದು ಪಾದ್ರಿಗಳು ಒಂದೊಂದಾಗಿ ಬಿಡಿಸಿ ಹೇಳಿದರು. ಇದೇ ಪ್ರಸಂಗವನ್ನು ಹಿಂಗಾಲ ಗೋಡೆಯಾಚೆ ಎಷ್ಟು ಸಲ ಕೇಳಿದ್ದನೋ. ಅಲ್ಲಿ ಪ್ರತಿ ಸಲವೂ ಪಕ್ಕದಿಂದ ಮುಂಗಾಲ ಅದಕ್ಕೊಂದು ಬಾಲ ಅಂಟಿಸುತ್ತಿದ್ದ. ಇವತ್ತು ಪ್ರಸಂಗ ಮುಗಿದ ಕಡೆಗೇ ಮುಗಿಯಿತು.

ಪಟ್ಟಿ ಶುರುವಾಯಿತು. ನಿವೃತ್ತ ಅಧಿಕಾರಿ, ಅವರ ಶ್ರೀಮತಿ. ಒಬ್ಬ ಡಾಕ್ಟರು. ಕೊಡೆಯ ದಪ್ಪ ಮನುಷ್ಯ. ಒಂದೊಂದು ಹೆಸರಿಗೂ ಒಬ್ಬೊಬ್ಬರು ಎದ್ದು, ಹಣೆಗೆ ಎಣ್ಣೆ ಹಚ್ಚಿಸಿಕೊಳ್ಳಲು ನಡುವಿನ ದಾರಿಯಲ್ಲಿ ಸಾಲು ನಿಂತರು. ಹೊರಗೆ ಗೋಡೆಯ ಹತ್ತಿರ ಯಾರೋ ಜೋರಾಗಿ ನಗುತ್ತಿದ್ದರು. ಈ ಹೆಸರುಗಳನ್ನು ಅವರು ಎಂದೂ ಕಿವಿಗೆ ಹಾಕಿಕೊಂಡವರಲ್ಲ.

ಆಮೇಲೆ ಆ ಹೆಸರು ಬಂತು. ಪಾದ್ರಿಗಳು ಎಲ್ಲ ಹೆಸರುಗಳಂತೆ ಅದನ್ನೂ ಓದಿದರು, ನಿಧಾನವಾಗಿ, ಅಪ್ಪನ ಹೆಸರು ಸೇರಿಸಿ. ಧ್ವನಿವರ್ಧಕ ಅದನ್ನು ಎತ್ತಿಕೊಂಡು ಇಳಿಜಾರಿನ ಮೇಲೆ, ಕಂಬಿಗಳ ಮೇಲೆ, ಒಂಬೈನೂರ ಹದಿನಾಲ್ಕು ಮೆಟ್ಟಿಲ ಮೇಲೆ ಕೆಳಕ್ಕೆ ಚೆಲ್ಲಿತು. ಹೊರಗಿನ ನಗು ಅರ್ಧಕ್ಕೆ ನಿಂತಿತು. ಬಾಗಿಲಾಚೆ ಗೊಣಗ ಎದ್ದು ನಿಂತದ್ದು ಕಾಣಿಸಿತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ.

ಪಾದ್ರಿಗಳು ಕಾಗದದಿಂದ ಕಣ್ಣೆತ್ತಿ ಯಾರು ಏಳುತ್ತಾರೆಂದು ನೋಡಿದರು. ಹಿಂಗಾಲ ಬೆಂಚು ಹಿಡಿದು ಎದ್ದ. ಮಂಡಿ ಕಟಕ್ಕೆಂದಿತು. ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಮುಂದಿನ ಹೆಸರು ಬಂತು, ಅದರ ಮುಂದಿನದೂ. ಪಟ್ಟಿ ಮುಗಿದು ಸಾಲು ಸರಿಯತೊಡಗಿತು. ಮುಂದಿನವರು ಒಂದು ಹೆಜ್ಜೆ ಇಟ್ಟರೆ ಅವನೂ ಒಂದು ಹೆಜ್ಜೆ ಇಟ್ಟ, ನಿಂತರೆ ನಿಂತ. ಅವನ ಬೆನ್ನ ಹಿಂದೆ ಬಂದು ನಿಂತಿದ್ದ ಹೆಂಗಸಿಗೆ ತಾಳ್ಮೆ ತಪ್ಪಿತು.

“ಮುಂದೆ ಹೋಗಿ ಸ್ವಾಮೀ. ಅಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀರಲ್ಲ!”

ಹೌದು, ಖಾಲಿ ಇತ್ತು. ಅವನಿಗೂ ಅವನ ಮುಂದಿನವನಿಗೂ ನಡುವೆ ಒಂದು ಕುರ್ಚಿ ಹಿಡಿಸುವಷ್ಟು, ಅದರಾಚೆ ಅದನ್ನು ಮುಂದೆ ಹೊರುವವನು ನಿಲ್ಲುವಷ್ಟು ನೆಲ. ಹಿಂಗಾಲ ಅದನ್ನು ನೋಡಿದ. ಸಾಲು ಮತ್ತೆ ಒಂದು ಹೆಜ್ಜೆ ಸರಿಯಿತು. ಅವನೂ ಒಂದೇ ಹೆಜ್ಜೆ ಸರಿದ.