ಕಿವಿಯ ಕೆಳಗಿನ ಗಂಟು

ಮೆಟ್ಟಿಲಿನ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ಮುಂದಿದ್ದವರು ಕೆಳಗೆ ಎಳೆದರು, ಹಿಂದಿದ್ದವರು ಮೇಲಕ್ಕೆ ಹಿಡಿದರು. ಬಿದಿರು ಗೋಡೆಗೆ ಉಜ್ಜಿ ಸುಣ್ಣ ಉದುರಿತು.

"ಎಳೀಬೇಡಿ. ತಲೆ ಕಡೆ ಎತ್ತಿ, ಸ್ವಲ್ಪ ಓರೆ ಮಾಡಿ," ಎಂದ ತಮ್ಮ. ಸತ್ತವರ ಹೆಂಡತಿಗೆ ಇದ್ದವನು ಇವನೊಬ್ಬನೇ ತಮ್ಮ. ವಯಸ್ಸು ಐವತ್ತೆಂಟಾದರೂ ಗೋದಾಮಿನಲ್ಲಿ ಮೂಟೆ ಹತ್ತಿಸಿ ಇಳಿಸಿ ಅಭ್ಯಾಸವಾದ ಮೈ.

"ಬದುಕಿದ್ದಾಗ ಯಾರ ಮಾತಿಗೂ ಬಗ್ಗಲಿಲ್ಲ. ಈಗ ಬಗ್ಗಿ ಅಂದ್ರೆ ಬಗ್ತಾರಾ?" ಎಂದ ಕೆಳಮನೆಯ ದರ್ಜಿ. ಯಾರೋ ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

"ಹಾಗನ್ಬೇಡಿ. ಭಾವ ಸುಳ್ಳಿಗೆ ಬಗ್ಗಲಿಲ್ಲ, ಅಷ್ಟೇ," ಎಂದ ತಮ್ಮ.

ಪೇಟೆಯಲ್ಲಿ ಸತ್ತವರನ್ನು ಎಲ್ಲರೂ ಕರೆಯುತ್ತಿದ್ದುದು ಖೋಟಾ ಮೇಷ್ಟ್ರು ಎಂದು. ನಲವತ್ತು ವರ್ಷ ಹಳೇ ನಾಣ್ಯದ ಅಂಗಡಿಯ ಕಿಟಕಿ ಪಕ್ಕ ಒಂದು ಭೂತಗನ್ನಡಿ, ಒಂದು ಪುಟ್ಟ ತಕ್ಕಡಿ ಇಟ್ಟುಕೊಂಡು ಕೂತವರು. ಹತ್ತು ನಾಣ್ಯ ಮುಂದಿಟ್ಟರೆ ಒಂಬತ್ತಕ್ಕೆ ತಲೆಯೆತ್ತದೆ "ಖೋಟಾ" ಎನ್ನುತ್ತಿದ್ದರು, ದಡ್ಡ ಹುಡುಗರ ಉತ್ತರಪತ್ರಿಕೆ ತಿದ್ದುವ ಹಾಗೆ. ಹೇಳಿದ್ದನ್ನೆಲ್ಲ ವರ್ಷಕ್ಕೊಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದೊಡ್ಡ ನಾಣ್ಯ ಕೊಳ್ಳುವವರು ಅವರ ಬಾಯಿಂದ ಒಂದು ಮಾತು ಬರುವವರೆಗೆ ಕೈ ಚಾಚುತ್ತಿರಲಿಲ್ಲ.

ಚಟ್ಟ ಇಳಿಯಿತು. ಗಾಡಿ ಗಲ್ಲಿಯೊಳಗೆ ಬರುವುದಿಲ್ಲವೆಂದು ಬಾಗಿಲ ಬಳಿ ಬೆಂಚಿನ ಮೇಲಿಟ್ಟು, ಕೊನೆಯ ಸಲ ನೋಡುವವರಿಗೆಂದು ಕಾದರು. ಎಲ್ಲರೂ ಇಳಿಯುತ್ತಿದ್ದಾಗ ಹಲ್ಲಿನ ಡಾಕ್ಟರೊಬ್ಬರು ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದರು. ನಾಣ್ಯ ಕೂಡಿಡುವ ಹುಚ್ಚಿನವರು, ಮೇಷ್ಟ್ರಿಗೆ ಹಳೇ ಪರಿಚಯ. ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

"ಇಂಥ ಹೊತ್ತಲ್ಲಿ ಕೇಳಬಾರದು ತಾಯಿ..."

"ಕೇಳಬಾರದು ಅಂದ್ಮೇಲೆ ಯಾಕೆ ಕೇಳ್ತೀರಿ?"

"ನಾಳೆ ಅಂಗಡಿಯವರು ಬಂದು ಅವರ ಪುಸ್ತಕಗಳನ್ನೆಲ್ಲ ತಗೊಂಡು ಹೋಗ್ತಾರಂತೆ. ಅದ್ರಲ್ಲಿ ಒಂದೇ ಒಂದು ಹಾಳೆ ನನಗೆ ಬೇಕಿತ್ತು."

"ಯಾವುದು?"

"ನಿಮ್ಮ ತಮ್ಮನ ನಾಣ್ಯದ್ದು."

ಅವಳು ನಲ್ಲಿ ನಿಲ್ಲಿಸಿದಳು.

*

ಇಪ್ಪತ್ತೆಂಟು ವರ್ಷದ ಹಿಂದೆ ತಮ್ಮನಿಗೆ ಸ್ವಂತ ಗಡಿಯಾರ ರಿಪೇರಿ ಅಂಗಡಿಯಿತ್ತು. ಕಣ್ಣು ಸೂಕ್ಷ್ಮ, ಕೈ ಅದಕ್ಕಿಂತ ಸೂಕ್ಷ್ಮ. ಯಾವುದೋ ಹಳೇ ಮನೆಯವರು ಮಾರಲು ತಂದ ಚಿನ್ನದ ನಾಣ್ಯ ಅವನ ಕಣ್ಣಿಗೆ ಬಿತ್ತು. ಮೂರು ದಿನ ಅದನ್ನೇ ನೋಡಿದ. ನಾಲ್ಕನೇ ದಿನ ಅಂಗಡಿ ಮಾರಿ ಕೊಂಡುಕೊಂಡ. ಹಲ್ಲಿನ ಡಾಕ್ಟರಿಗೆ ಅದು ಬೇಕಿತ್ತು, ಆದರೆ ಒಂದೇ ಮಾತು ಹೇಳಿದರು: "ನಿಮ್ಮ ಭಾವ ಹೌದು ಅಂದ್ರೆ ಈಗಲೇ ತಗೋತೀನಿ."

ಮೇಷ್ಟ್ರು ನಾಣ್ಯ ತೂಗಿದರು. ಕೂದಲೆಳೆಯಷ್ಟು ಕಮ್ಮಿ. ಮೇಜಿನ ಮೇಲೆ ಬಿಟ್ಟು ಸದ್ದು ಕೇಳಿದರು. ಅಂಚು ತಿರುಗಿಸಿದರು. ಭೂತಗನ್ನಡಿ ರಾಜನ ಮುಖದ ಮೇಲೆ ಬಂದು ನಿಂತಿತು. ಕಿವಿಯ ಕೆಳಗೆ ಸಾಸಿವೆ ಕಾಳಿನಷ್ಟು ಗಂಟು.

"ಎರಕ ಹೊಯ್ದಿದ್ದು, ಅಚ್ಚು ಒತ್ತಿದ್ದಲ್ಲ. ಒಳಗೆ ಗಾಳಿ ನಿಂತ್ರೆ ಹೀಗಾಗುತ್ತೆ."

"ಭಾವ, ಇನ್ನೊಂದ್ಸಲ ನೋಡಿ. ಅಕ್ಷರ ನೋಡಿ ಎಷ್ಟು ಚೂಪಾಗಿದೆ. ಎರಕದಲ್ಲಿ ಹೀಗೆ ಬರಲ್ಲ. ಬೇಕಾದ್ರೆ ನಾಲ್ಕು ದಿನ ಇಟ್ಕೊಂಡು ನೋಡಿ."

ನಾಣ್ಯದಂಗಡಿ ಯಜಮಾನರೂ ಇಬ್ಬರು ವ್ಯಾಪಾರಿಗಳೂ ಇವರ ಬಾಯನ್ನೇ ನೋಡುತ್ತಿದ್ದರು. ಮೇಷ್ಟ್ರು ನಾಣ್ಯ ಬಿಟ್ಟು ಆ ಮೂವರ ಮುಖ ನೋಡಿದರು.

"ಸಂಬಂಧಿಕ ಅಂತ ನನ್ನ ಕಣ್ಣಿಗೆ ಪೊರೆ ಬರಲ್ಲ," ಎಂದರು. "ಖೋಟಾ."

ಮನುಷ್ಯ ಅಂದರೆ ಹೀಗಿರಬೇಕು ಎಂದು ಪೇಟೆಯೆಲ್ಲ ತಲೆದೂಗಿತು. ಖೋಟಾ ಮಾರಲು ಬಂದವನ ಕೈಗೆ ಮಾತ್ರ ಆಮೇಲೆ ಯಾರೂ ಒಂದು ಗಡಿಯಾರ ಕೊಡಲಿಲ್ಲ. ಗೊತ್ತಾಗಿದ್ದ ಹೆಣ್ಣಿನವರು ಜಾತಕ ಹಿಂದಕ್ಕೆ ಕಳಿಸಿದರು. ತಿಂಗಳ ಮೇಲೆ ಡಾಕ್ಟರೇ ಬಂದು, ನೋಡೋಕೆ ಚೆನ್ನಾಗಿದೆ ಇರಲಿ ಎಂದು ಬರೀ ಚಿನ್ನದ ಬೆಲೆಗೆ ಅದನ್ನು ತೆಗೆದುಕೊಂಡು ಹೋದರು.

"ಒಂದು ವಾರ ತಡೆದು ಹೇಳಬಾರದಿತ್ತಾ?" ಎಂದು ಅವಳು ಗಂಡನನ್ನು ಕೇಳಿದ್ದಳು.

"ನಿಜ ಹೇಳೋಕೆ ವಾರ ಯಾಕೆ?"

ಅವಳು ತಮ್ಮನ ಬಳಿ ಹೋಗಿ ಕೂತು ಹೇಳಿದಳು: "ನಿನ್ನ ಭಾವಂದು ಕಲ್ಲೆದೆ ಕಣೋ. ಆದ್ರೆ ಸುಳ್ಳು ಹೇಳೋ ಮನುಷ್ಯ ಅಲ್ಲ."

"ಗೊತ್ತಕ್ಕ. ತಪ್ಪು ನನ್ನ ಕಣ್ಣಿಂದು," ಎಂದಿದ್ದ ಅವನು. ಆಮೇಲೆ ಅವನು ಗೋದಾಮಿಗೆ ಸೇರಿದ. ಮದುವೆ ಮಾತು ಮತ್ತೆ ಎತ್ತಲಿಲ್ಲ.

*

"ಅದು ಅಸಲಿ ತಾಯಿ," ಎಂದರು ಡಾಕ್ಟರು.

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ಇಪ್ಪತ್ತೆರಡು ವರ್ಷದ ಹಿಂದೆ ಎಲ್ಲೋ ಪಾಯ ತೋಡುವಾಗ ಒಂದು ಗಡಿಗೆ ಸಿಕ್ತು. ಬಾಯಿ ಮುಚ್ಚಿದ್ದ ಗಡಿಗೆ. ಒಳಗೆ ಅದೇ ರಾಜನ ನಲವತ್ತು ನಾಣ್ಯ. ನಲವತ್ತಕ್ಕೂ ಕಿವಿ ಕೆಳಗೆ ಅದೇ ಗಂಟು. ನಾಣ್ಯ ಒತ್ತೋ ಅಚ್ಚೇ ಅಲ್ಲಿ ಬಿರುಕು ಬಿಟ್ಟಿತ್ತು, ನೋಡಿ."

"ಇವರಿಗೆ ಗೊತ್ತಿತ್ತಾ?"

"ಪೇಪರಲ್ಲಿ ಬಂದ ಆ ಗಡಿಗೆ ನಾಣ್ಯದ ಫೋಟೋ, ನಿಮ್ಮ ತಮ್ಮನ ನಾಣ್ಯ ಪಕ್ಕಪಕ್ಕ ಇಟ್ಟು ನಮ್ಮನೇಲಿ ಇಬ್ಬರೂ ನೋಡಿದ್ವಿ. ಮಧ್ಯಾಹ್ನ ಪೂರ್ತಿ ಭೂತಗನ್ನಡಿ ಕೆಳಗಿಡಲಿಲ್ಲ ಅವರು. ಪುಸ್ತಕದಲ್ಲಿ ತಿದ್ದಿಬಿಡಿ ಅಂದೆ. ತಿದ್ದಿದ್ರೆ ಭಾವಮೈದುನನಿಗೆ ಹೇಳ್ಬೇಕಾಗುತ್ತೆ ಅಂದ್ರು. ಹೇಳಿದ್ರೆ, ಇಷ್ಟು ವರ್ಷ ನಾನು ಹೇಳಿದ್ದೆಲ್ಲಾನೂ ಜನ ಮತ್ತೆ ತೂಗ್ತಾರೆ ಅಂದ್ರು. ನನಗೂ..."

"ನಿಮಗೂ ನಾಣ್ಯ ವಾಪಸ್ ಕೊಡ್ಬೇಕಾಗ್ತಿತ್ತು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಈಗ ನಮ್ಮ ಮಕ್ಕಳು ನಾಣ್ಯ ಎಲ್ಲಾ ಮಾರಿ ಅಂತಿದಾರೆ. ಕೊಳ್ಳೋರು ಮೇಷ್ಟ್ರ ಪುಸ್ತಕ ನೋಡೇ ನೋಡ್ತಾರೆ. ಅದ್ರಲ್ಲಿ ಖೋಟಾ ಅಂತಿದೆ. ಅದಕ್ಕೇ..."

ಅವಳು ಒಳಗೆ ಹೋಗಿ ಆ ವರ್ಷದ ಪುಸ್ತಕ ತೆಗೆದಳು. ಗುಂಡು ಗುಂಡಾದ ಅಕ್ಷರ, ಗೀರಿಲ್ಲ, ಚಿತ್ತಿಲ್ಲ. ಖೋಟಾ. ತಮ್ಮ ಮನೆಗೆ ಬಂದಾಗಲೆಲ್ಲ ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದುದು, ಅವನು ಹೊರಟ ಮೇಲೆ ಒಣ ಮೈಯಲ್ಲೇ ಹೊರಗೆ ಬರುತ್ತಿದ್ದುದು ನೆನಪಾಯಿತು. ಅಸಡ್ಡೆ ಅಂದುಕೊಂಡಿದ್ದಳು ಇಷ್ಟು ದಿನ.

"ಕೊಡಲ್ಲ," ಎಂದು ಪುಸ್ತಕವನ್ನು ಅಲ್ಮೇರಾದಲ್ಲಿಟ್ಟು ಬೀಗ ಹಾಕಿದಳು. "ನಡೀರಿ, ಕಾಯ್ತಿದಾರೆ."

ಕೆಳಗೆ ಚಟ್ಟ ಎತ್ತಿದರು. ಗಲ್ಲಿ ಕಿರಿದು, ಏರು ಬೇರೆ. ಅರ್ಧ ದಾರಿಯಲ್ಲಿ, ಇನ್ನೊಂದು ಮೂಲೆಗೆ ಹೆಗಲು ಕೊಟ್ಟಿದ್ದ ದರ್ಜಿ, "ನೀವು ಬಿಡಿ, ಬೆವತುಹೋಗಿದೀರಿ, ಬೇರೆಯವರು ಹೊರ್ತಾರೆ," ಎಂದ.

"ಬೇಡ. ಗಾಡಿ ತನಕ ನಾನೇ," ಎಂದ ತಮ್ಮ. "ನನ್ನ ಮುಖಕ್ಕೆ ನಿಜ ಹೇಳಿದ ಮನುಷ್ಯ ಇವರೊಬ್ಬರೇ."

ಹಿಂದೆ ನಡೆಯುತ್ತಿದ್ದ ಅಕ್ಕ ಎರಡು ಹೆಜ್ಜೆ ಬೀಸಾಗಿ ಹಾಕಿ ಅವನ ಪಕ್ಕಕ್ಕೆ ಬಂದಳು.

"ಇಳಿಸೋ."

"ಯಾಕಕ್ಕ, ತಲೆ ಸುತ್ತುತ್ತಾ?"

"ನಿನ್ನ ನಾಣ್ಯ ಅಸಲಿಯಂತೆ. ನಿನ್ನ ಭಾವಂಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತಂತೆ. ಈ ಡಾಕ್ಟರಿಗೂ ಗೊತ್ತಿತ್ತು."

ತಮ್ಮ ನಿಂತ. ಚಟ್ಟವೂ ನಿಂತಿತು. ಹಿಂದೆ ಬರುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ನಿಂತರು. ಅವನು ಅಕ್ಕ ಬೆರಳು ಮಾಡಿದ ಕಡೆ ನೋಡಿದ. ಚಟ್ಟದ ಪಕ್ಕದಲ್ಲೇ ಡಾಕ್ಟರು ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ನನ್ನ ಕಣ್ಣು ಸರಿಯಾಗಿತ್ತಾ ಅಕ್ಕ?" ಎಂದು ಮೆಲ್ಲಗೆ ಕೇಳಿದ.

"ಸರಿಯಾಗಿತ್ತು ಕಣೋ."

ಅವನು ಬಿದಿರಿನ ಕೆಳಗಿನಿಂದ ಹೆಗಲು ಜಾರಿಸಿಕೊಂಡು ಈಚೆ ಬಂದ. ತಲೆ ಕಡೆಯ ಆ ಮೂಲೆ ಒಮ್ಮೆಲೇ ಕುಸಿಯಿತು. ಉಳಿದ ಮೂವರು ಹಿಡಿಯಿರಿ, ಹಿಡಿಯಿರಿ ಎಂದರು. ಹತ್ತಿರ ಇದ್ದವರು ಡಾಕ್ಟರೊಬ್ಬರೇ. ಕುಳ್ಳ ಆಳು. ಹೆಗಲು ಕೊಟ್ಟರೂ ಎತ್ತರ ಸಾಲದೆ, ಎರಡೂ ಕೈಯಿಂದ ಬಿದಿರನ್ನು ಮೇಲೆ ದೂಡಿಕೊಂಡು, ತುದಿಗಾಲಲ್ಲಿ ಹೆಜ್ಜೆ ಹಾಕಿದರು. ಮೇಷ್ಟ್ರ ತಲೆ ಆ ಬದಿಗೇ ವಾಲಿ, ಏರಿನ ಉದ್ದಕ್ಕೂ ಅವರ ಬಿಳಿ ಅಂಗಿಗೆ ತಾಗುತ್ತ ಹೋಯಿತು.